ಸೂಟ್‌ಕೇಸ್ ಬಿಚ್ಚಿಸುತ್ತಿದ್ದವರು

ಪರದೇಶಕ್ಕೆ ಹೊರಟವರು ಯಾರೇ ಆಗಲಿ, ಹೊರಡುವ ಹಿಂದಿನ ದಿನ ತಮ್ಮ ಸೂಟ್‌ಕೇಸನ್ನು ದುಬೈ ಸಾವ್ಕಾರ್ರ ಅಂಗಡಿ ಜಗಲಿಗೆ ತಂದು ಬಿಚ್ಚಬೇಕಿತ್ತು. ಚನ್ನಪಟ್ಟಣದ ಹೆದ್ದಾರಿ ಪಕ್ಕದಲ್ಲಿ, ಬಣ್ಣದ ಗೊಂಬೆಗಳನ್ನು ಸಾಲಾಗಿ ನೇತುಹಾಕಿದ ಎರಡು ಅಂಗಡಿಗಳ ನಡುವೆ ಅವರದೊಂದು ದಿನಸಿ ಅಂಗಡಿ. ಊರವರ ಪೆಟ್ಟಿಗೆ ಬಿಚ್ಚಿಸುವ ಅಧಿಕಾರವನ್ನು ಅವರಿಗೆ ಯಾರೂ ಕೊಟ್ಟಿರಲಿಲ್ಲ, ತಾವೇ ತೆಗೆದುಕೊಂಡಿದ್ದರು. ಗೋಣಿತಾಟು ಹಾಸಿ ಕೂತು, ‘ತಗೀರಿ, ಒಂದೊಂದೇ ತಗೀರಿ’ ಅನ್ನುತ್ತಿದ್ದರು. ನಾಚಿಕೆಯಾದವರಿಗೆ, ‘ಇಲ್ಲಿ ನಾಚ್ಕೊಂಡ್ರೆ ಅಲ್ಲಿ ಅಳಬೇಕಾಯ್ತದೆ’ ಅನ್ನುವ ಸಮಾಧಾನ.

ಕೊಲ್ಲಿಯ ಒಂದು ಪಟ್ಟಣದಲ್ಲಿ, ಯಾವುದೋ ಕಂಪನಿಯ ಕೂಲಿಕಾರರ ಕ್ಯಾಂಪಿನಲ್ಲಿ ಬಹಳ ವರ್ಷ ಸ್ಟೋರ್ ಕೀಪರ್ ಆಗಿದ್ದು ಬಂದವರು ಅವರು. ಅದು ದುಬೈ ಅಲ್ಲ. ಆದರೆ ನಮ್ಮ ಕಡೆ ಕೊಲ್ಲಿಯ ಯಾವ ಊರಿಗೆ ಹೋದರೂ ದುಬೈಗೆ ಹೋದ ಅಂತಲೇ ಲೆಕ್ಕ. ಹಾಗಾಗಿ ಅವರು ದುಬೈ ಸಾವ್ಕಾರ್ರು. ಮೊದಮೊದಲು ತಿದ್ದುತ್ತಿದ್ದರಂತೆ, ಆಮೇಲೆ ಬೇಸತ್ತು ಬಿಟ್ಟರು. ನಮ್ಮದು ಅವರ ಎದುರು ಮನೆ, ನನಗೆ ಅವರು ಮಾವ. ಹೆಸರು ಇಲ್ಲಿ ಬೇಡ. ಅವರ ಮಗಳು ಚನ್ನಪಟ್ಟಣದಲ್ಲೇ ಇದ್ದಾಳೆ, ಅವಳ ಬಗ್ಗೆ ಜನ ಆಡಿಕೊಂಡದ್ದೇ ಸಾಕಾಗಿದೆ.

ಮಾವ ತೀರಿಕೊಂಡರು ಅಂತ ಗೊತ್ತಾದ ದಿನ ಊರಿಗೆ ಫೋನು ಮಾಡಿದಾಗಲೂ ಎಲ್ಲರ ಬಾಯಲ್ಲಿ ಒಂದೇ ಮಾತು: ‘ಅದೇ, ಮಗಳದು ಗಸಗಸೆ ಕೇಸಾಯ್ತಲ್ಲ, ಅವರು.’ ನನಗೆ ಕೆಟ್ಟನಿಸಿತು. ತಾಲ್ಲೂಕಿನ ಎಷ್ಟು ಜನರನ್ನು ಕಾಪಾಡಿ ಕಳಿಸಿದ ಮನುಷ್ಯ! ಕಡೆಗೆ ಒಂದು ಹಿಡಿ ಬೀಜಕ್ಕೆ ಅವರ ಹೆಸರು ಗಂಟು ಬಿತ್ತಲ್ಲ ಅಂತ.

ಮಡಿಕೆ ಮುರಿಯದ ಬಿಳಿ ತುಂಬುತೋಳಿನ ಅಂಗಿ, ಹಣೆಯಲ್ಲಿ ಮೂರು ಬೆರಳಗಲ ವಿಭೂತಿ, ಕಿವಿಯ ಹಿಂದೆ ಅತ್ತರು. ಗಡಿಯಾರದ ಮುಖ ಮಣಿಕಟ್ಟಿನ ಒಳಗಡೆಗೆ. ಟೈಮು ಕೇಳಿದರೆ ಕೈಯನ್ನು ನಿಧಾನವಾಗಿ ತಿರುಗಿಸಿ, ನೋಡಿ, ಉಪಕಾರ ಮಾಡಿದವರ ಹಾಗೆ ಹೇಳುವರು. ಒಸಿ ಜಂಬ ಇತ್ತು, ಇಲ್ಲ ಅನ್ನಲಾರೆ. ‘ನಮ್ ಕಾಲದಲ್ಲಿ ಅಲ್ಲಿ…’ ಅಂತ ಶುರು ಮಾಡಿದರೆ ಸಕ್ಕರೆ ಕಟ್ಟಿಸಿಕೊಳ್ಳಲು ಬಂದವರು ಪೊಟ್ಟಣ ಹಿಡಿದು ನಿಂತೇ ಇರಬೇಕು. ಎಲ್ಲರ ಕೈಗೂ ಮೊಬೈಲು ಬಂದ ಮೇಲೂ, ‘ಬೂತಿಗೆ ಹಾಕೋಕೆ ಚಿಲ್ರೆ ಇಟ್ಕೊ’ ಅನ್ನುತ್ತಿದ್ದರು. ಹುಡುಗರು ಹಿಂದಿನಿಂದ ‘ಹಳೇ ಪಂಚಾಂಗ’ ಅಂತ ನಗುತ್ತಿದ್ದರು. ಆದರೂ ಹೊರಡುವ ಮುಂಚೆ ಸೂಟ್‌ಕೇಸ್ ಹೊತ್ತುಕೊಂಡು ಬರುತ್ತಿದ್ದರು.

ನಾನು ನರ್ಸ್ ಕೆಲಸಕ್ಕೆ ಅದೇ ಪಟ್ಟಣಕ್ಕೆ ಹೊರಟಾಗ ನನ್ನ ಪೆಟ್ಟಿಗೆಯೂ ಆ ಗೋಣಿತಾಟಿನ ಮೇಲೆ ಬಿಚ್ಚಿಕೊಂಡಿತು. ಅಮ್ಮ ಮಾಡಿಕೊಟ್ಟ ಕೋಡುಬಳೆ, ಹುರಿಹಿಟ್ಟು, ಚಟ್ನಿಪುಡಿ ಎಲ್ಲವನ್ನೂ ಮೂಗಿನ ಹತ್ತಿರ ಹಿಡಿದು ಪಾಸು ಮಾಡಿದರು. ಕೋಡುಬಳೆಯ ಡಬ್ಬದ ಕೆಳಗೆ ಒಂದು ಪುಟ್ಟ ಪೊಟ್ಟಣ ಸಿಕ್ಕಿತು. ಬಿಚ್ಚಿ ನೋಡಿದವರು ಅದನ್ನು ಎತ್ತಿ ಅಮ್ಮನ ಕೈಗಿಟ್ಟರು.

‘ಇದು ನಿಮ್ಮನೇಲಿರ್ಲಿ ಕಣಮ್ಮ. ಇದ ತಗೊಂಡು ಹೋದ್ರೆ ಅಲ್ಲಿ ಮಗೀನ ಜೈಲಿಗಾಕ್ತಾರೆ.’

‘ಗಸಗಸೆಗೆ ಜೈಲಾ? ಪಾಯಸಕ್ಕೆ ಅಂತ ಒಸಿ ಕಟ್ಟಿದ್ದು’ ಅಂದಳು ಅಮ್ಮ, ನಗುತ್ತಾ.

‘ಅಫೀಮಿನ ಗಿಡದ ಬೀಜ ಅದು. ನಮಗೆ ಪಾಯಸ, ಅವ್ರಿಗೆ ಅಫೀಮು. ಅವ್ರೂರು, ಅವ್ರ ಕಾನೂನು. ನಗೋ ವಿಷ್ಯ ಅಲ್ಲ.’

ತಮ್ಮ ಅಂಗಡಿಯಲ್ಲಿ ಗಸಗಸೆ ಮಾರುತ್ತಿದ್ದರು. ಆದರೆ ಕೊಳ್ಳಲು ಬಂದವರ ಮನೆಯಿಂದ ಯಾರಾದರೂ ಹೊರಟಿದ್ದಾರೆ ಅಂತ ಗೊತ್ತಾದರೆ ಡಬ್ಬವನ್ನೇ ತೆಗೆಯುತ್ತಿರಲಿಲ್ಲ. ‘ಹೋದ ಮೇಲೆ ಬನ್ನಿ, ಎಷ್ಟು ಬೇಕಾದ್ರೂ ಕೊಡ್ತೀನಿ’ ಅನ್ನುವರು. ಹಾಗೆಯೇ ಡಾಕ್ಟರ ಚೀಟಿ ಇಲ್ಲದ ಕೆಮ್ಮಿನ ಔಷಧಿ ಬೇಡ, ಬೇರೆಯವರು ಕೊಟ್ಟ ಪೊಟ್ಟಣ ಬೇಡ. ಅತ್ತೆಯ ತಮ್ಮನಿಗೆ, ಚಿಕ್ಕಪ್ಪನ ಮಗನಿಗೆ ಅಂತ ಉಪ್ಪಿನಕಾಯಿ ಜಾಡಿ ಹೊರುವವರನ್ನು ಕಂಡರೆ ಅವರಿಗೆ ಸಿಟ್ಟೇ ಬರುತ್ತಿತ್ತು. ‘ಮುಲಾಜು ಬೇರೆ, ಲಗೇಜು ಬೇರೆ. ಮುಲಾಜಿಗೆ ಬಿದ್ದೋನ ಯಾವ ದೇಶದ ಪೊಲೀಸೂ ಕಾಯಕಿಲ್ಲ’ ಅನ್ನುವುದು ಅವರ ಗಾದೆ.

ಅಲ್ಲಿಯ ನಡವಳಿಕೆ ಕಲಿಸುವಾಗ ಮಾತ್ರ ಅವರ ದನಿ ಮೆತ್ತಗಾಗುತ್ತಿತ್ತು. ಮನೆಯವರು ಹೇಗಿದ್ದಾರೆ ಅಂತ ಕೇಳು, ಹೆಂಡತಿ ಹೇಗಿದ್ದಾರೆ ಅಂತ ಕೇಳಬೇಡ. ಉಪವಾಸದ ತಿಂಗಳಲ್ಲಿ ಬೀದಿಯಲ್ಲಿ ನೀರನ್ನೂ ಕುಡಿಯಬೇಡ, ಬಾಯಾರಿದವರ ಎದುರು ಕುಡಿಯುವುದು ಯಾವ ಊರಲ್ಲೂ ಚೆಂದವಲ್ಲ. ಹೆಂಗಸರ ಫೋಟೋ ತೆಗೆಯಬೇಡ. ಕಾಲು ಚಾಚಿ ಪಾದ ತೋರಿಸಬೇಡ. ಅರಬರ ಮನೆಯಲ್ಲಿ ಕಾಫಿ ಬಟ್ಟಲು ಖಾಲಿ ಆದರೆ ಕೇಳದೆ ಮತ್ತೆ ತುಂಬುತ್ತಾರೆ, ಸಾಕು ಅನ್ನಬೇಕಾದರೆ ಬಟ್ಟಲನ್ನು ಅಲ್ಲಾಡಿಸಿ ಹಿಂದಕ್ಕೆ ಕೊಡಬೇಕು. ಇದು ಗೊತ್ತಿಲ್ಲದೆ ಅವರು ಮೊದಲ ಸಲ ಕುಡಿದು ಕುಡಿದು, ರಾತ್ರಿಯೆಲ್ಲ ಗೂಬೆಯ ಹಾಗೆ ಕೂತಿದ್ದರಂತೆ. ನನ್ನ ಕೈಗೆ ಸ್ಟೀಲ್ ಲೋಟ ಕೊಟ್ಟು ಅಲ್ಲಾಡಿಸುವುದನ್ನು ಅಭ್ಯಾಸ ಮಾಡಿಸಿದರು. ‘ಹಂಗಲ್ಲ ಕಣವ್ವ, ಗಿಲಕಿ ಆಡಿಸ್ದಂಗೆ ಆಡಿಸ್ಬೇಡ, ಮೆತ್ತಗೆ.’

ಅವರ ಕತ್ತಿನಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ ಯಾವಾಗಲೂ ಇರುತ್ತಿತ್ತು. ಮೊದಲ ಸಲ ಇಳಿದಾಗ ಅಲ್ಲಿಯ ಅಧಿಕಾರಿ ಇದೇನು ಅಂತ ಕೇಳಿದನಂತೆ. ಇವರು ಹೆದರಿ ಅಂಗಿಯನ್ನು ಬಿಗಿಯಾಗಿ ಹಿಡಿದುಕೊಂಡರಂತೆ. ಅಷ್ಟಕ್ಕೇ ಒಂದಿಡೀ ಬೆಳಗ್ಗೆ ಕೂರಿಸಿದರು. ‘ಮುಚ್ಕೊಂಡ್ರೆ ಅನುಮಾನ. ಅವರು ಬಿಚ್ಚೋಕೆ ಮುಂಚೆ ನೀನೇ ಬಿಚ್ಚಿ ತೋರ್ಸು, ದೇವ್ರು ಅನ್ನು. ದೇವ್ರಿಗೆ ಅವ್ರೂ ಕೈ ಮುಗೀತಾರೆ’ ಅಂತ ಎಷ್ಟು ಜನಕ್ಕೆ ಹೇಳಿದರೋ.

ಅವರ ಪಾಠದಲ್ಲಿ ಅಪಾಯವೂ ಇತ್ತು. ಅಲ್ಲಿ ಗಾಡಿಗಳು ರಸ್ತೆಯ ಬಲಗಡೆ ಓಡುತ್ತವೆ, ಆದ್ದರಿಂದ ದಾಟುವಾಗ ಮೊದಲು ಎಡಕ್ಕೆ ನೋಡಬೇಕು. ಇದನ್ನು ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ ಅಂತ, ಕನಕಪುರದ ಕಡೆಯಿಂದ ಬಂದ ಒಬ್ಬನನ್ನು ನಮ್ಮ ಹೆದ್ದಾರಿಯಲ್ಲೇ ಅಭ್ಯಾಸಕ್ಕೆ ಇಳಿಸಿದರು. ಅವನು ಶ್ರದ್ಧೆಯಿಂದ ಎಡಕ್ಕೆ ನೋಡಿ ಕಾಲಿಟ್ಟ. ಬಲಗಡೆಯಿಂದ ಲಾರಿ ಬಂದು ಕಿರ್ರೆಂದು ನಿಂತಿತು.

‘ಏನ್ಲಾ, ಸಾಯೋಕೆ ನನ್ ಲಾರಿನೇ ಬೇಕಾಗಿತ್ತಾ?’ ಅಂತ ಡ್ರೈವರ್ ಕೂಗಿದ.

ಮಾವ ಜಗಲಿಯಿಂದ ಏಳಲೂ ಇಲ್ಲ. ‘ಬಯ್ಬೇಡ ಕಣಯ್ಯ, ಅವನು ಆಗ್ಲೇ ಅಲ್ಲಿಗೆ ಹೋಗವ್ನೆ’ ಅಂದರು.

ಈ ಜಗಲಿಯ ಪಾಠವನ್ನೆಲ್ಲ ಕೇಳಿಕೊಂಡೇ ಬೆಳೆದವಳು ಅವರ ಒಬ್ಬಳೇ ಮಗಳು. ಅವಳಿಗೆ ಮಾಗಡಿಯ ಹುಡುಗನ ಜೊತೆ ಮದುವೆಯಾಯಿತು. ಹುಡುಗ ನಾನಿದ್ದ ಪಟ್ಟಣದಲ್ಲೇ ಎ.ಸಿ. ರಿಪೇರಿ ಕೆಲಸದಲ್ಲಿದ್ದ. ಮಾವ ಇದಕ್ಕಿಂತ ಹೆಚ್ಚಿನದೇನನ್ನೂ ಕೇಳುವ ಹಾಗಿರಲಿಲ್ಲ. ತಾವು ಕಂಡ ಊರಿಗೆ ಮಗಳು ಹೋಗುತ್ತಾಳೆ, ಅಲ್ಲಿ ನಾನೂ ಇದ್ದೇನೆ. ವೀಸಾ ಬರುವ ತನಕ ಅವಳು ತವರಲ್ಲೇ ಇದ್ದಳು. ಹೊರಡುವ ದಿನ ಮಾಗಡಿಯಿಂದ ಬೀಗರು ಬಂದಿದ್ದರು. ನಾನು ಅಲ್ಲಿರಲಿಲ್ಲ. ನನ್ನ ಅಮ್ಮ ಇದ್ದಳು, ನಡೆದದ್ದನ್ನು ಅವಳೇ ಹೇಳಿದ್ದು.

ಮಗಳ ಸೂಟ್‌ಕೇಸನ್ನು ಮಾವ ಹಿಂದಿನ ದಿನವೇ ತಳ ಕಾಣುವ ತನಕ ನೋಡಿ ಮುಗಿಸಿದ್ದರು. ಉಳಿದದ್ದು ಮಡಿಲು. ಅತ್ತೆ, ಅಂದರೆ ಮಾವನ ಹೆಂಡತಿ, ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆಅಡಿಕೆ, ರವಿಕೆ ಕಣ ಇಟ್ಟು ಮಗಳ ಮಡಿಲು ತುಂಬಿ, ಗಂಟು ಕಟ್ಟಿಕೊಟ್ಟಿದ್ದರು. ತವರಲ್ಲಿ ಕಟ್ಟಿದ ಆ ಗಂಟನ್ನು ಗಂಡನ ಮನೆ ಸೇರುವ ತನಕ ಯಾರೂ ಬಿಚ್ಚಬಾರದು, ಅಲ್ಲಿ ಮಾಡುವ ಮೊದಲ ಪಾಯಸ ಅದರೊಳಗಿನ ಸಾಮಾನಿನಿಂದಲೇ ಆಗಬೇಕು. ಅವರ ಮನೆಯಲ್ಲಿ ಅಜ್ಜಿಯ ಕಾಲದಿಂದ ನಡೆದು ಬಂದದ್ದು. ಕಾರು ಬಂದು ನಿಂತಾಗ ಮಾವ ಅಭ್ಯಾಸಬಲದಿಂದ ಗಂಟಿನ ಕಡೆ ಕೈ ಚಾಚಿದರಂತೆ. ಅತ್ತೆ ತಡೆದರು.

‘ಮಡಿಲು ಲಗೇಜಾ? ಹೆಣ್ಮಗಳ ಮಡಿಲಿಗೆ ಯಾವನು ಕೈ ಹಾಕ್ತಾನೆ? ಬುಡಿ ಅತ್ಲಾಗೆ.’

ಬೀಗಿತ್ತಿ ನಕ್ಕರು, ಎಲ್ಲರೂ ನಕ್ಕರು. ಮಾವ ಕೈ ಹಿಂದಕ್ಕೆ ತೆಗೆದುಕೊಂಡರು. ಕಾರು ಹೊರಟಿತು.

ಮಾರನೆಯ ದಿನ ನನ್ನ ಹಾಸ್ಟೆಲಿಗೆ ಅವಳ ಗಂಡ ಫೋನು ಮಾಡಿದ. ‘ಅಕ್ಕ, ವಿಮಾನದಲ್ಲಿ ಬಂದೋರೆಲ್ಲ ಹೊರಗೆ ಬಂದ್ರು, ಇವಳು ಬರ್ಲಿಲ್ಲ. ಒಳಗೆ ಇಟ್ಕೊಂಡವ್ರಂತೆ.’ ಆಸ್ಪತ್ರೆಯ ಕೆಲಸದಲ್ಲಿ ನಾನು ಒಂದಿಷ್ಟು ಅರಬ್ಬಿ ಕಲಿತಿದ್ದೆ. ಅವಳಿಗೆ ಕನ್ನಡ ಬಿಟ್ಟರೆ ಬೇರೆ ಮಾತು ಸರಿಯಾಗಿ ಬಾರದು. ಅವನು ಅಧಿಕಾರಿಗಳನ್ನು ಬೇಡಿಕೊಂಡ ಮೇಲೆ, ಮಾತು ತಿಳಿಸಲು ನನ್ನನ್ನು ಒಳಗೆ ಬಿಟ್ಟರು.

ಮಡಿಲ ಗಂಟಿನಲ್ಲಿದ್ದ ಕೊಬ್ಬರಿಯ ಎರಡು ಬಟ್ಟಲುಗಳನ್ನು ಒಂದಕ್ಕೊಂದು ಮುಚ್ಚಿ, ಅರಿಶಿನದ ದಾರ ಸುತ್ತಿತ್ತು. ಅಧಿಕಾರಿ ದಾರ ಬಿಚ್ಚಿದಾಗ ಮೇಜಿನ ಮೇಲೆ ಗಸಗಸೆ ಚೆಲ್ಲಿತಂತೆ. ಅವರಿಗೆ ಅದು ಅಡಗಿಸಿ ತಂದ ಮಾಲು. ಪಾಯಸ, ತವರು, ಮಡಿಲು ಅಂತ ನಾನು ನನ್ನ ಹರಕು ಅರಬ್ಬಿಯಲ್ಲಿ ಏನೇನೋ ಹೇಳಿದೆ. ಅಲ್ಲಿದ್ದ ಹೆಂಗಸು ಅಧಿಕಾರಿ ಒಳ್ಳೆಯವಳು, ಪೂರ್ತಿ ಕೇಳಿಸಿಕೊಂಡಳು. ಆದರೂ ಕಾನೂನು ಕಾನೂನೇ ಅಂದಳು.

ಮದುವೆಯ ಬಳೆ ಇನ್ನೂ ಕೈತುಂಬ ಇದ್ದ ಆ ಹುಡುಗಿ ನನ್ನ ಕೈ ಹಿಡಿದುಕೊಂಡು ಕೇಳಿದ್ದು ಒಂದೇ.

‘ಅಕ್ಕ, ಅದ್ರೊಳಗೆ ಯಾರು ಹಾಕಿದ್ದು? ನಾನು ನೋಡೇ ಇಲ್ಲ ಅಕ್ಕ, ದೇವ್ರಾಣೆ. ಕೊಬ್ರಿ ಅಂದ್ಕೊಂಡಿದ್ದೆ. ಗೊತ್ತಾಗಿದ್ರೆ ನಾನೇ ಅಪ್ಪಂಗೆ ಕೊಡ್ತಿರ್ಲಿಲ್ವಾ?’ ಆಮೇಲೆ ಅಂದಳು, ‘ಅಪ್ಪಂಗೂ ಗೊತ್ತಿರಾಕಿಲ್ಲ. ಗೊತ್ತಿದ್ರೆ ಅಪ್ಪ ಬುಡ್ತಿದ್ರಾ?’

ಅವಳು ಹೊರಗೆ ಬರಲು ಕೆಲವು ವಾರಗಳೇ ಹಿಡಿದವು. ಹೊರಗೆ ಅಂದರೆ ಗಂಡನ ಮನೆಗಲ್ಲ. ಅಪರಾಧ ಸಣ್ಣದು ಅಂತ ಶಿಕ್ಷೆ ಕಡಿಮೆ ಮಾಡಿ, ಇನ್ನು ಈ ದೇಶಕ್ಕೆ ಕಾಲಿಡಬಾರದು ಅಂತ ನೇರ ವಿಮಾನ ಹತ್ತಿಸಿದರು. ಗಂಡ ಹೆಂಡತಿ ಆ ಊರಲ್ಲಿ ಒಂದು ಹೊತ್ತೂ ಒಟ್ಟಿಗೆ ಊಟ ಮಾಡಲಿಲ್ಲ.

ಇತ್ತ ಊರಿನ ಬಾಯಿಗೆ ಕೆಲಸ ಸಿಕ್ಕಿತು. ಊರವರು ಬಯ್ದದ್ದು ಅತ್ತೆಯನ್ನು. ಗಂಡ ಲೋಕಕ್ಕೆಲ್ಲ ಬುದ್ಧಿ ಹೇಳುತ್ತಾನೆ, ಹೆಂಡತಿಗೆ ಅಷ್ಟೂ ತಿಳಿಯಲಿಲ್ಲವೇ, ಮಗಳ ಬಾಳಿಗೆ ತಾನೇ ಕೊಳ್ಳಿ ಇಟ್ಟಳು ಅಂತ. ಅತ್ತೆ ಒಂದು ಮಾತೂ ತಿರುಗಿ ಆಡಲಿಲ್ಲ. ನಮ್ಮ ಬೀದಿಯಲ್ಲಿ ಮಡಿಲು ತುಂಬುವ ಶಾಸ್ತ್ರವಿದ್ದರೆ ಮೊದಲ ಕರೆ ಅವರಿಗೇ ಬರುತ್ತಿತ್ತು. ಆಮೇಲೆ ಅವರು ಯಾರ ಮನೆಗೂ ಹೋಗಲಿಲ್ಲ. ಮಾಗಡಿಯವರು ‘ಜೈಲು ನೋಡಿ ಬಂದ ಹೆಣ್ಣು’ ಅಂದರು. ಅಳಿಯ ರಜೆಗೆ ಬಂದಾಗ ಒಂದೆರಡು ಸಲ ಬಂದು ಹೋದ. ಆಮೇಲೊಂದು ಸಲ ಮಾಗಡಿಗೆ ಬಂದವನು ಚನ್ನಪಟ್ಟಣಕ್ಕೆ ಬರಲಿಲ್ಲ. ಅಲ್ಲಿಗೆ ಅದು ಮುಗಿಯಿತು. ಅವಳು ಅಂಗಡಿಯಲ್ಲಿ ಅಪ್ಪನ ಪಕ್ಕ ಕೂತು ಬೇಳೆ ಬೆಲ್ಲ ತೂಗತೊಡಗಿದಳು. ಯಾರಾದರೂ ಕೆಣಕಿದರೆ ಅವಳದು ಒಂದೇ ಉತ್ತರ, ‘ಅಪ್ಪಂಗೆ ಗೊತ್ತಿರ್ಲಿಲ್ಲ.’

ಮಾವ ಸೂಟ್‌ಕೇಸ್ ಬಿಚ್ಚಿಸುವುದನ್ನು ಬಿಟ್ಟರು.

ನಾನು ರಜೆಗೆ ಬಂದಿದ್ದಾಗ ನೋಡಿದ ಒಂದು ಸಂಗತಿ. ಕೋಡಿಹಳ್ಳಿಯ ಒಬ್ಬ, ಡ್ರೈವರ್ ಕೆಲಸಕ್ಕೆ ಹೊರಟವನು, ಯಾರೋ ಹೇಳಿದರು ಅಂತ ಹೊಸ ಸೂಟ್‌ಕೇಸ್ ತಂದು ಜಗಲಿಯ ಮೇಲಿಟ್ಟ. ಬೀಗಕ್ಕೂ ಕೈ ಹಾಕಿದ.

‘ಬಿಚ್ಬೇಡಪ್ಪ. ನಂಗೇನು ಗೊತ್ತು? ನಿಮ್ ಏಜೆಂಟ್‌ನ ಕೇಳು’ ಅಂದರು ಮಾವ.

‘ಅಲ್ಲ ಸಾವ್ಕಾರ್ರೆ, ನೀವು ನೋಡಿ ಕಳಿಸಿದ್ರೆ ಧೈರ್ಯ ಅಂತ ನಮ್ಮವ್ವ…’

‘ಕಾಲ ಬದಲಾಗೈತೆ, ನಂದೆಲ್ಲ ಹಳೇದು.’

ಅವನು ಪೆಚ್ಚಾಗಿ ಬಸ್ಸಿನ ಹೊತ್ತಿನವರೆಗೂ ಅಲ್ಲೇ ಕೂತಿದ್ದ. ಅವನು ಎದ್ದಾಗ, ತಕ್ಕಡಿಯ ಹಿಂದೆ ಕೂತಿದ್ದ ಮಗಳು ತಲೆಯೆತ್ತದೆ ಅಂದಳು, ‘ಅಣ್ಣ, ಗಸಗಸೆ ಇದ್ರೆ ಮನೇಲೇ ಬುಟ್ಟೋಗಿ.’ ಮಾವ ಎದ್ದು ಒಳಗೆ ಹೋದರು. ಅವತ್ತು ಅವರು ಮತ್ತೆ ಅಂಗಡಿಗೆ ಬರಲಿಲ್ಲ. ನನಗೆ ಆ ಡ್ರೈವರಿಗಿಂತ ಹೆಚ್ಚಾಗಿ ಮಾವನ ಬಗ್ಗೆ ಸಂಕಟವಾಯಿತು. ಗೊತ್ತಿಲ್ಲದೆ ಆದ ತಪ್ಪಿಗೆ ಮನುಷ್ಯ ಇಷ್ಟೊಂದು ಕುಗ್ಗಬೇಕೇ ಅಂತ ಅಂದುಕೊಂಡೆ. ಹೇಳಿಯೂ ಹೇಳಿದೆ. ‘ನಿಮಗೇನು ಗೊತ್ತಿತ್ತು ಮಾವ, ಬಿಡಿ’ ಅಂದರೆ ಅವರು ಗಡಿಯಾರ ತಿರುಗಿಸಿ ಟೈಮು ನೋಡಿಕೊಂಡರು.

ಕೆಲವು ವರ್ಷಗಳಾದ ಮೇಲೆ ಅತ್ತೆ ತೀರಿಕೊಂಡರು. ಮಾವ ಹಾಸಿಗೆ ಹಿಡಿದದ್ದು ಅದಾದ ಮೇಲೆ. ಕಳೆದ ರಜೆಯಲ್ಲಿ ನೋಡಲು ಹೋದಾಗ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ವಿಭೂತಿ ಇತ್ತು, ಅತ್ತರು ಇರಲಿಲ್ಲ. ಬಿ.ಪಿ. ನೋಡಿ, ಮಾತ್ರೆಗಳನ್ನು ವಿಚಾರಿಸಿದೆ. ಮಗಳು ಅಡುಗೆ ಮನೆಯಲ್ಲಿದ್ದಳು. ಅವರು ದನಿ ತಗ್ಗಿಸಿ ಕೇಳಿದರು.

‘ಅವಳ್ನ ಹಿಡ್ಕೊಂಡಿದ್ದ ದಿನ ನೀನು ಅಲ್ಲಿದ್ದೆಯಲ್ಲವ್ವ. ನಮ್ ಮಗಳು ನನ್ ಬಗ್ಗೆ ಏನಾರಾ ಅಂದಿದ್ಲಾ?’

‘ಅಪ್ಪಂಗೆ ಗೊತ್ತಿದ್ರೆ ಬುಡ್ತಿರ್ಲಿಲ್ಲ ಅಂದ್ಲು ಮಾವ. ಇವತ್ತಿಗೂ ಅದನ್ನೇ ಅಂತಾಳಲ್ಲ.’

ಅವರು ಅಡುಗೆ ಮನೆಯ ಕಡೆ ಒಮ್ಮೆ ನೋಡಿದರು. ಆಮೇಲೆ ಅಂದರು, ‘ಗೊತ್ತಿತ್ತು ಕಣವ್ವ.’

ನನಗೆ ಅರ್ಥವಾಗಲಿಲ್ಲ.

‘ಅವತ್ತು ಬೆಳಗ್ಗೆ ನಮ್ಮವಳು ಅಂಗಡಿಗೆ ಬಂದು ಡಬ್ಬದಿಂದ ಗಸಗಸೆ ತಗೊಂಡು ಹೋದ್ಲು. ಬೀಗ್ರು ಬಂದವ್ರಲ್ಲ, ಊಟಕ್ಕೆ ಗಸಗಸೆ ಪಾಯಸ ಮಾಡ್ತಾಳೆ ಅಂದ್ಕೊಂಡೆ. ಊಟಕ್ಕೆ ಕೂತಾಗ ಬಡಿಸಿದ್ದು ಶಾವಿಗೆ ಪಾಯಸ. ಎಲೆ ಮುಂದೆ ಕೂತಂಗೇ ಗೊತ್ತಾಯ್ತು, ಗಸಗಸೆ ಎಲ್ಲಿಗೆ ಹೋಯ್ತು ಅಂತ. ಕಾರು ಬಂದಾಗ ಗಂಟಿಗೆ ಕೈಯಿಟ್ಟೆ. ಬೀಗಿತ್ತಿ ನೋಡ್ತಿದ್ರು. ಮಗಳ ಮಡಿಲು ಬಿಚ್ಚಿಸ್ದ, ಅಪಶಕುನ ಮಾಡ್ದ ಅಂತಾರಲ್ಲ, ನಾಳೆ ಅದನ್ನೇ ಮಗಳಿಗೆ ಆಡ್ತಾರಲ್ಲ ಅನ್ನಿಸ್ತು. ಒಂದ್ ಹಿಡಿ ತಾನೇ, ಹೆಂಗೋ ಪಾರಾಯ್ತದೆ ಅಂದ್ಕೊಂಡೆ. ಬೇರೆ ಯಾರಾರ ಹಂಗಂದಿದ್ರೆ ಜಗಲಿ ಮೇಲೆ ಅವರ ಚರ್ಮ ಸುಲೀತಿದ್ದೆ.’ ಉಸಿರು ಎಳೆದುಕೊಂಡರು. ‘ಊರೆಲ್ಲ ನಮ್ಮವಳನ್ನ ಬಯ್ತು. ನಾನು ಕೇಳ್ಕೊಂಡು ಕೂತಿದ್ದೆ. ನಂಗೂ ಗೊತ್ತಿತ್ತು ಅಂತ ಒಂದ್ ಮಾತು ಅವಳಿಗೆ ಹೇಳ್ಬೇಕಿತ್ತು. ಇವತ್ತೇಳ್ತೀನಿ ನಾಳೆ ಹೇಳ್ತೀನಿ ಅಂತಲೇ ಆಗೋಯ್ತು, ಅವಳೇ ಹೊರಟೋದ್ಲು.’

ನಾನು ತಲೆಯೆತ್ತಿದಾಗ ಮಗಳು ಊಟದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಮುಖ ನೋಡಿದರೆ ಎಲ್ಲವನ್ನೂ ಕೇಳಿದ್ದಾಳೆ ಅಂತ ತಿಳಿಯುತ್ತಿತ್ತು. ಮಾವನೂ ನೋಡಿದರು. ನಾನು ಎದ್ದು ಹೋಗಬೇಕೋ ಕೂತಿರಬೇಕೋ ತಿಳಿಯದೆ ಕೂತೇ ಇದ್ದೆ. ಇಷ್ಟು ವರ್ಷ ಊರಿಗೆಲ್ಲ ಅವಳು ಹೇಳಿಕೊಂಡು ಬಂದ ಒಂದೇ ಒಂದು ಮಾತನ್ನು ಅವಳಪ್ಪ ಈಗ ಅವಳ ಎದುರೇ ಅಳಿಸಿ ಹಾಕಿದ್ದರು.

ಅವಳು ಬಂದು ತಟ್ಟೆಯನ್ನು ಅವರ ಮುಂದೆ ಇಟ್ಟಳು. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು.

‘ನಂಗೂ ಗೊತ್ತಿತ್ತು ಕಣಪ್ಪ’ ಅಂದಳು.

‘ನಿಂಗೂ?’

‘ಹೂಂ. ಅವ್ವ ಕೊಬ್ರಿಯೊಳಗೆ ತುಂಬ್ತಿದ್ದುದ ನೋಡಿದ್ದೆ. ಆಟೊಂದು ಜನದ ಮುಂದೆ ಅವ್ವಂಗೆ ಬೇಜಾರಾಯ್ತದೆ ಅಂತ ನಾನೂ ಸುಮ್ನಿದ್ದೆ. ನಿಂದೊಬ್ಬಂದೇ ಅಲ್ಲ ತಪ್ಪು. ಉಣ್ಣು, ಆರೋಯ್ತದೆ.’

ಅದು ಸುಳ್ಳು. ಆ ದೂರದ ಊರಿನ ಕೋಣೆಯಲ್ಲಿ, ಯಾರು ಹಾಕಿದ್ದು ಅಂತ ನನ್ನ ಕೈ ಹಿಡಿದು ಕೇಳಿದ ಹುಡುಗಿಗೆ ಏನೂ ಗೊತ್ತಿರಲಿಲ್ಲ. ಅವಳನ್ನು ಬಿಟ್ಟರೆ ಅದನ್ನು ಬಲ್ಲವಳು ಈ ಲೋಕದಲ್ಲಿ ನಾನೊಬ್ಬಳೇ. ಅವಳು ಒಮ್ಮೆ ನನ್ನ ಕಡೆ ನೋಡಿದಳು. ನಾನು ಬಿ.ಪಿ. ಯಂತ್ರದ ಪಟ್ಟಿಯನ್ನು ಸುತ್ತಿ ಚೀಲಕ್ಕೆ ಹಾಕಿಕೊಳ್ಳತೊಡಗಿದೆ.

ಮಾವ ಮಗಳ ಮುಖವನ್ನೇ ಬಹಳ ಹೊತ್ತು ನೋಡಿದರು. ನಂಬಿದರು ಅಂತ ಕಾಣುತ್ತದೆ. ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ಮುದ್ದೆ ಮುರಿದರು. ಎಷ್ಟೋ ತಿಂಗಳಿಂದ ಎರಡು ತುತ್ತಿಗೆ ಕೈ ತೊಳೆಯುತ್ತಿದ್ದವರು ಅವತ್ತು ಇಡೀ ಮುದ್ದೆ ಉಂಡರು. ಅವಳು ಪಕ್ಕದಲ್ಲೇ ಕೂತು ಸಾರು ಬಿಡುತ್ತಿದ್ದಳು.